ಅಪ್ಪನ ದನಿ, ಸೆಲೆನಾಳ ವಯಸ್ಸು

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅವ್ವ ಒಂದು ಕೆಲಸ ಹೇಳಿದಳು. "ನೀನು ಕಂಪ್ಯೂಟ್ರಲ್ಲಿ ಏನೇನೋ ಮಾಡ್ತೀಯಂತಲ್ಲ, ನಿಮ್ಮಪ್ಪನ ದನೀಲಿ ಒಂದೆರಡು ಮಾತು ಬರೋ ಹಂಗೆ ಮಾಡಕ್ಕಾಗ್ತೈತಾ? ಧಾರೆ ಹೊತ್ತಲ್ಲಿ ಹಾಕಿದ್ರೆ ಅವಳಿಗೂ ಸಮಾಧಾನ."

ಅವಳು ಅಂದರೆ ನನ್ನ ತಂಗಿ. ಮದುವೆಗೆ ಇನ್ನು ಎರಡು ತಿಂಗಳಿದೆ. ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದು, ಜಾತಿ ಬೇರೆ. ಅಪ್ಪ ಇದ್ದಾಗಲೇ ವಿಷಯ ಮನೆಯಲ್ಲಿ ಎದ್ದಿತ್ತು. ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ತಂಗಿ ಜೊತೆ ಮಾತು ಬಿಟ್ಟ ಅಷ್ಟೇ. ಹಂಗೆ ಮಾತು ಬಿಟ್ಟ ಎಂಟು ತಿಂಗಳಿಗೆ ಒಂದು ಬೆಳಗ್ಗೆ ತೋಟದಲ್ಲಿ ಎದೆ ಹಿಡಕೊಂಡು ಕೂತವನು ಮತ್ತೆ ಏಳಲಿಲ್ಲ.

ಅಪ್ಪನಿಗೆ ಮೊಬೈಲಲ್ಲಿ ಟೈಪ್ ಮಾಡಕ್ಕೆ ಬರ್ತಿರಲಿಲ್ಲ. ಹಾಗಾಗಿ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಕೊಬ್ಬರಿ ರೇಟು ಎಷ್ಟಾಯ್ತು, ಬೋರ್‌ವೆಲ್ಲಿನಲ್ಲಿ ನೀರು ಎಷ್ಟು ಬರ್ತಿದೆ, ಕರೆಂಟು ಎಷ್ಟೊತ್ತಿಗೆ ಕೊಟ್ಟರು, ಇವೇ. ಅಂಥವು 63 ಮೆಸೇಜು ನನ್ನ ಫೋನಿನಲ್ಲಿವೆ. ಇವತ್ತಿನ ಸಾಫ್ಟ್‌ವೇರಿಗೆ ಅಷ್ಟು ಧಾರಾಳ ಸಾಕು. ಒಂದು ದನಿಯ ಕೆಲವು ನಿಮಿಷದ ರೆಕಾರ್ಡಿಂಗ್ ಕೊಟ್ಟರೆ, ನಾವು ಬರೆದ ಯಾವ ವಾಕ್ಯವನ್ನಾದರೂ ಆ ದನಿಯಲ್ಲಿ ಓದಿಸುತ್ತದೆ. ಅವ್ವ ಕೇಳಿದ್ದು ಆಗದ ಕೆಲಸವಾಗಿದ್ದರೆ ನಾನು ಬಚಾವಾಗುತ್ತಿದ್ದೆ.

"ನೋಡ್ತೀನಿ ಕಣವ್ವ" ಅಂದು ಬೆಂಗಳೂರು ಬಸ್ಸು ಹತ್ತಿದೆ. ದಾರಿಯಲ್ಲಿ ತಲೆಗೆ ಬಂದಿದ್ದು ಸೆಲೆನಾ. ನಮ್ಮ ಟೀಮಿನಲ್ಲಿ ಟೆಕ್ಸಾಸ್‌ನಿಂದ ಕೆಲಸ ಮಾಡುವ ಮೆಕ್ಸಿಕನ್ ಮೂಲದ ಗೆಳೆಯನೊಬ್ಬನಿದ್ದಾನೆ. ರಾತ್ರಿಯೆಲ್ಲ ರಿಲೀಸ್ ನಡೆಯುವಾಗ ನಿದ್ದೆ ಬರದಿರಲಿ ಅಂತ ಅವನು ಹಾಕುತ್ತಿದ್ದುದು ಈಕೆಯ ಹಾಡುಗಳನ್ನ. ಹಂಗೆ ನನಗೂ ಹಿಡಿದುಕೊಂಡವು.

ಸೆಲೆನಾ ಕಿಂಟನಿಯಾ ಹುಟ್ಟಿದ್ದು 1971ರಲ್ಲಿ, ಟೆಕ್ಸಾಸ್‌ನ ಲೇಕ್ ಜಾಕ್ಸನ್ ಎಂಬ ಊರಲ್ಲಿ. ಅಪ್ಪ ಅಬ್ರಹಾಂ ಹಳೇ ಹಾಡುಗಾರ, ಮಕ್ಕಳನ್ನೇ ಸೇರಿಸಿ ಬ್ಯಾಂಡ್ ಕಟ್ಟಿದ. ಮಗ ಎ.ಬಿ. ಬೇಸ್ ಗಿಟಾರಿಗೆ, ದೊಡ್ಡ ಮಗಳು ಸುಜೆಟ್ ಡ್ರಮ್ಸಿಗೆ, ಚಿಕ್ಕವಳು ಸೆಲೆನಾ ಹಾಡೋಕೆ. ಅಪ್ಪ ನಡೆಸುತ್ತಿದ್ದ ಹೋಟೆಲು 80ರ ದಶಕದ ಮೊದಲಲ್ಲಿ ಆರ್ಥಿಕ ಹಿಂಜರಿತಕ್ಕೆ ಸಿಕ್ಕಿ ಮುಚ್ಚಿತು. ಆಮೇಲೆ ಮದುವೆ, ಜಾತ್ರೆ ಅಂತ ಎಲ್ಲಿ ಕರೆದರೆ ಅಲ್ಲಿ ಹಾಡಿ ಹೊಟ್ಟೆ ಹೊರೆಯಬೇಕಾಯಿತು. ಮನೆಯಲ್ಲಿ ಇಂಗ್ಲಿಷೇ ಆಡಿ ಬೆಳೆದ ಹುಡುಗಿಗೆ ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಹೇಳಿಕೊಟ್ಟ ಹಾಗೆ ಶಬ್ದಗಳನ್ನು ಬಾಯಿಪಾಠ ಮಾಡಿ ಹಾಡುತ್ತಿದ್ದಳು. ಟೆಕ್ಸಾಸ್‌ನ ಮೆಕ್ಸಿಕನ್ನರ ಈ ಸಂಗೀತಕ್ಕೆ ತೆಹಾನೋ ಅನ್ನುತ್ತಾರೆ. ಗಂಡಸರೇ ಆಳುತ್ತಿದ್ದ ಆ ಲೋಕಕ್ಕೆ ಈಕೆ ರಾಣಿಯಾದಳು. 1994ರಲ್ಲಿ ಗ್ರ್ಯಾಮಿ ಬಂತು. 1995ರ ಮಾರ್ಚ್ 31ರಂದು, 24 ತುಂಬಲು 16 ದಿನ ಬಾಕಿಯಿದ್ದಾಗ, ತನ್ನದೇ ಅಭಿಮಾನಿ ಸಂಘವನ್ನು ನಡೆಸುತ್ತಿದ್ದ ಹೆಂಗಸಿನ ಗುಂಡಿಗೆ ಬಲಿಯಾದಳು.

ಸತ್ತ ಮೇಲೂ ಆಲ್ಬಮ್‌ಗಳು ಬರುತ್ತಲೇ ಇವೆ. ಅವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಕ್ಕಾಗಲ್ಲ ಅಂತ ನನಗೆ ಅನ್ನಿಸಿದೆ.

2002ರ 'ಒನ್ಸ್' ಆಕೆಯ ಗೆದ್ದ ಹಾಡುಗಳನ್ನು ಪೋಣಿಸಿದ ಸಂಕಲನ. ಅದರಲ್ಲಿ ತಕರಾರಿಲ್ಲ. 1995ರ ಜುಲೈನಲ್ಲಿ, ಸತ್ತ ನಾಲ್ಕೇ ತಿಂಗಳಿಗೆ ಬಂದ 'ಡ್ರೀಮಿಂಗ್ ಆಫ್ ಯೂ' ಸ್ವಲ್ಪ ಬೇರೆ. ತನ್ನ ಮೊದಲ ಇಂಗ್ಲಿಷ್ ಆಲ್ಬಮ್ ಅಂತ ಆಕೆ ಶುರು ಮಾಡಿ, ಕೆಲವೇ ಹಾಡು ಹಾಡಿ ಬಿಟ್ಟುಹೋದದ್ದಕ್ಕೆ ಹಳೆಯವನ್ನು ಸೇರಿಸಿ ತುಂಬಿಸಿದ್ದು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇ ಬಂದು ಕೂತಿತು. ಅರ್ಧ ನೇಯ್ದ ಸೀರೆಯನ್ನು ಮನೆಯವರು ಮುಗಿಸಿದ ಹಾಗೆ. ಅದಕ್ಕೂ ನನ್ನ ಒಪ್ಪಿಗೆಯಿದೆ, ಯಾಕಂದ್ರೆ ಮಗ್ಗ ಹೂಡಿದ್ದು ಅವಳೇ.

2022ರ 'ಮೂನ್‌ಚೈಲ್ಡ್ ಮಿಕ್ಸಸ್' ಬಗ್ಗೆ ಮಾತ್ರ ನನಗೆ ಇವತ್ತಿಗೂ ನೆಮ್ಮದಿಯಿಲ್ಲ. ಆಕೆ 13ರಿಂದ 16 ವರ್ಷದ ಹುಡುಗಿಯಾಗಿದ್ದಾಗ ಹಾಡಿದ ಹಾಡುಗಳಿಗೆ ಅಣ್ಣ ಎ.ಬಿ. ಹೊಸ ಸಂಗೀತ ಹಾಕಿದ್ದಾನೆ. ಬರೀ ಅಷ್ಟೇ ಆಗಿದ್ದರೆ ಸರಿ. ಹಾಡುತ್ತಿರುವ ದನಿಯ ವಯಸ್ಸನ್ನೂ ಕಂಪ್ಯೂಟರಿನಲ್ಲಿ ಹೆಚ್ಚಿಸಿದ್ದಾರೆ. ಸಾಯುವ ಕಾಲಕ್ಕೆ ಆಕೆಯ ದನಿ ಹೇಗಿತ್ತೋ ಇದರಲ್ಲಿ ಹಾಗೇ ಕೇಳಿಸುತ್ತದೆ ಅಂತ ಅಪ್ಪ ಅಬ್ರಹಾಂ ಸಂದರ್ಶನವೊಂದರಲ್ಲಿ ಹೆಮ್ಮೆಯಿಂದಲೇ ಹೇಳಿದ.

ಇದು ಹೇಗೆ ಆಗುತ್ತೆ ಅನ್ನೋದು ನಮ್ಮ ಕಾಲದವರಿಗೆ ಗೊತ್ತಿರುವುದೇ. ಟೇಪ್‌ರೆಕಾರ್ಡರಿನ ಸೆಲ್ಲು ವೀಕಾದಾಗ ಹಾಡುಗಾರ್ತಿಯ ದನಿ ಇದ್ದಕ್ಕಿದ್ದಂಗೆ ದಪ್ಪ ಆಗ್ತಿತ್ತಲ್ಲ, ಅದೇ. ಆಗ ಹಾಡೂ ನಿಧಾನ ಆಗುತ್ತಿತ್ತು. ಈಗ ವೇಗ ಹಾಗೇ ಉಳಿಸಿಕೊಂಡು ದನಿಯನ್ನು ಮಾತ್ರ ಇಳಿಸಬಹುದು. ಮಕ್ಕಳ ಗಂಟಲಿನ ಕೊಳವೆ ಗಿಡ್ಡ, ದೊಡ್ಡವರದು ಉದ್ದ. ಆ ವ್ಯತ್ಯಾಸದಿಂದ ದನಿಗೆ ಬರುವ ಬಣ್ಣವನ್ನೂ ಲೆಕ್ಕ ಹಾಕಿ ಬದಲಾಯಿಸಬಹುದು.

ಕೆಲವು ಅಭಿಮಾನಿಗಳು ದುಡ್ಡಿಗೆ ಮಾಡಿದ್ದು ಅಂದರು. ನಾನು ಆ ಮಾತಿಗೆ ಹೋಗಲ್ಲ. ಮಗಳನ್ನು ಕಳಕೊಂಡ ಅಪ್ಪನ ಮನಸ್ಸಿನಲ್ಲಿ ಏನಿರುತ್ತೆ ಅಂತ ದೂರದಲ್ಲಿ ಕೂತು ಅಳೆಯುವುದು ಸಣ್ಣತನ. ನಮ್ಮವ್ವ ಕೇಳಿದ್ದು ದುಡ್ಡಿಗಾ? ದುಃಖದಲ್ಲಿ ಮಾಡಿದ್ದೂ ತಪ್ಪಾಗಬಹುದಾ ಅನ್ನೋದು ನನ್ನ ಪ್ರಶ್ನೆ.

ವಾದ ಬೇರೆ ಥರಾನೂ ಮಾಡಬಹುದು. ಸ್ಟುಡಿಯೋದಲ್ಲಿ ಯಾವ ದನಿ ತಾನೇ ಹುಟ್ಟಿದ ಹಾಗೆ ಹೊರಗೆ ಬರುತ್ತೆ? ಹತ್ತು ಟೇಕ್ ತಗೊಂಡು, ಕತ್ತರಿಸಿ, ಅಂಟಿಸಿ, ಗುಂಯ್ಗುಡಿಸಿ ಕೊಟ್ಟಿದ್ದನ್ನೇ ನಾವು ಕೇಳೋದು. ನಿಜ. ಆದರೆ ಆಗ ಹಾಡಿದವಳು ಅಲ್ಲೇ ಇರುತ್ತಾಳೆ. ಹೆಡ್‌ಫೋನ್ ತೆಗೆದಿಟ್ಟು "ಇದು ಬೇಡ" ಅನ್ನಬಹುದು. ಸತ್ತವರ ಕೈಯಲ್ಲಿ ಆಗದೇ ಇರೋದು ಅದೊಂದೇ.

ನಮ್ಮ ಕಸುಬಿನಿಂದ ಒಂದು ಉದಾಹರಣೆ ಕೊಡ್ತೀನಿ. ಕೋಡ್ ಇಟ್ಟುಕೊಳ್ಳೋಕೆ ನಾವು ಬಳಸುವ ಗಿಟ್ ಎಂಬ ಸಾಧನದಲ್ಲಿ ಪ್ರತಿ ಬದಲಾವಣೆಗೂ ಎರಡು ಹೆಸರಿರುತ್ತವೆ. ಒಂದು ಬರೆದವನದು, ಇನ್ನೊಂದು ಅದನ್ನು ತಂದು ಸೇರಿಸಿದವನದು. ಕೆಲಸ ಬಿಟ್ಟುಹೋದ ಸಹೋದ್ಯೋಗಿಯ ಅರ್ಧ ಕೋಡನ್ನು ನಾನು ಹಾಗೇ ಸೇರಿಸಿದರೆ ಅವನ ಹೆಸರೂ ಇರುತ್ತೆ, ನನ್ನ ಹೆಸರೂ ಇರುತ್ತೆ. ಅವನು ಬರೆಯದೇ ಇದ್ದದ್ದನ್ನು ನಾನು ಬರೆದು ಕೆಳಗೆ ಅವನ ಹೆಸರು ಹಾಕಿದರೆ ಅದಕ್ಕೆ ಆಫೀಸಿನಲ್ಲಿ ಏನಂತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಆಲ್ಬಮಿನಲ್ಲಿ ನನಗೆ ಕಾಣುವ ನಷ್ಟ ಇನ್ನೂ ಒಂದಿದೆ. ಹೋಟೆಲು ಮುಚ್ಚಿದ ಮನೆಯ ಒಬ್ಬ ಹುಡುಗಿ, ಪೂರ್ತಿ ಅರ್ಥವಾಗದ ಭಾಷೆಯಲ್ಲಿ, ಅಪ್ಪ ಹೇಳಿದ ಹಾಗೆ ಹಾಡುತ್ತಿದ್ದಳಲ್ಲ, ಅವಳು ನಿಜವಾಗಿ ಬದುಕಿದವಳು. ಅವಳ ಎಳೆ ದನಿ ಅವಳು ಪಟ್ಟ ಕಷ್ಟದ ಸಾಕ್ಷಿ. ಅದರ ಮೇಲೆ 23ರ ದನಿ ಬಳಿದರೆ ಆ ಹುಡುಗಿ ಇಲ್ಲವಾಗುತ್ತಾಳೆ. ಬೆಳೆದ ಸೆಲೆನಾ ಆ ಹಾಡುಗಳನ್ನು ಮತ್ತೆ ಹೀಗೇ ಹಾಡುತ್ತಿದ್ದಳಾ, ನಕ್ಕು ಪಕ್ಕಕ್ಕಿಡುತ್ತಿದ್ದಳಾ, ಅದನ್ನೂ ಅವಳೇ ಹೇಳಬೇಕಿತ್ತು.

ಇದೇ 2022ರಲ್ಲಿ ನಮ್ಮಲ್ಲಿ 'ಜೇಮ್ಸ್' ಬಂತು, ನೆನಪಿದೆಯಲ್ಲ? ಅಪ್ಪು ಡಬ್ಬಿಂಗ್ ಮಾಡುವ ಮೊದಲೇ ಹೋಗಿಬಿಟ್ಟಿದ್ದರು. ಮಾರ್ಚ್ 17ಕ್ಕೆ ಬಂದ ಸಿನಿಮಾದಲ್ಲಿ ತಮ್ಮನ ತುಟಿಗೆ ಶಿವಣ್ಣ ದನಿ ಕೊಟ್ಟಿದ್ದರು. ಅದು ಶಿವಣ್ಣನ ದನಿ ಅಂತ ಥಿಯೇಟರಿನಲ್ಲಿ ಕೂತ ಮಗುವಿಗೂ ಗೊತ್ತಿತ್ತು. ಗೊತ್ತಿದ್ದೇ ಜನ ಅತ್ತರು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯಲ್ಲೇ ಸಿನಿಮಾ ಮತ್ತೆ ಬಂದಾಗಲೂ ನನಗೆ ಕಸಿವಿಸಿ ಆಗಲಿಲ್ಲ. ಆ ಮಾತುಗಳನ್ನು ಕ್ಯಾಮೆರಾ ಮುಂದೆ ನಿಂತು ಆಡಿದ್ದು ಅಪ್ಪುವೇ. ಅವರು ಆಡದ ಮಾತನ್ನು ಅವರ ಬಾಯಿಗೆ ಯಾರೂ ತುರುಕಿರಲಿಲ್ಲ.

ಇಷ್ಟೆಲ್ಲ ಯೋಚನೆ ಮಾಡಿದವನು ಒಂದು ರಾತ್ರಿ ಏನು ಮಾಡಿದೆ ಅಂತಾನೂ ಹೇಳಿಬಿಡ್ತೀನಿ. ಅಪ್ಪನ ಮೆಸೇಜುಗಳನ್ನು ಸಾಫ್ಟ್‌ವೇರಿಗೆ ಹಾಕಿ "ಚೆನ್ನಾಗಿ ಬಾಳ್ರವ್ವ" ಅಂತ ಟೈಪ್ ಮಾಡಿದೆ. ಬಂತು. ಅಪ್ಪನೇ. ಕೊನೆಯಲ್ಲಿ ದನಿ ಎಳೆಯುವುದೂ ಹಂಗೇ. ಕೈ ನಡುಗಿ ಲ್ಯಾಪ್‌ಟಾಪ್ ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮತ್ತೆ ಕೇಳಿದೆ. ಸುಳ್ಳು ಯಾಕೆ ಹೇಳಲಿ, ನಾಲ್ಕು ಸಲ ಕೇಳಿದೆ. ಆಮೇಲೆ ಡಿಲೀಟ್ ಮಾಡಿದೆ.

ಮರುದಿನ ಅವ್ವನಿಗೆ ಫೋನ್ ಮಾಡಿ ಆಗಲ್ಲ ಅಂದೆ.

"ಮಾಡಕ್ಕೆ ಬರಲ್ವಾ, ಮಾಡಲ್ವಾ?"

"ಮಾಡಲ್ಲ ಕಣವ್ವ. ಅಪ್ಪ ಅವಳಿಗೆ ಹಂಗೆ ಹೇಳಿರಲಿಲ್ಲ."

"ಬದುಕಿದ್ದಿದ್ರೆ ಹೇಳ್ತಿದ್ರು. ಇನ್ನೊಂದ್ ವರ್ಷ ಹೋಗಿದ್ರೆ ಒಪ್ಕಂತಿದ್ರು. ಮೂವತ್ತೈದು ವರ್ಷ ಬಾಳುವೆ ಮಾಡಿರೋಳು ನಾನು, ನಂಗೊತ್ತಿಲ್ವಾ?"

ಅವ್ವನ ಮಾತು ನಿಜವೇ ಇರಬಹುದು. ಅಪ್ಪ ಒಪ್ಪುತ್ತಿದ್ದನೇನೋ. ಆದರೆ ಆ ಇನ್ನೊಂದು ವರ್ಷ ಅವನಿಗೆ ಸಿಗಲಿಲ್ಲ. ಸಾವು ನಮ್ಮಿಂದ ಕಿತ್ತುಕೊಂಡಿದ್ದು ಅದನ್ನೇ. ನಾನು ಅದನ್ನು ಲ್ಯಾಪ್‌ಟಾಪಿನಲ್ಲಿ ತಯಾರು ಮಾಡಿ ಮೈಕಿನಲ್ಲಿ ಹಾಕಿದರೆ, ಅಪ್ಪ ಮಾತು ಬಿಟ್ಟ ಎಂಟು ತಿಂಗಳು ತಂಗಿ ಒಬ್ಬಳೇ ನುಂಗಿಕೊಂಡ ನೋವೂ ಸುಳ್ಳಾಗುತ್ತದೆ. ಇದನ್ನೆಲ್ಲ ಅವ್ವನಿಗೆ ಹೇಳಕ್ಕೆ ನನಗೆ ಬಾಯಿ ಬರಲಿಲ್ಲ.

ತಂಗಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, "ಆ ಮೆಸೇಜ್‌ಗಳಲ್ಲಿ ನನ್ನ ಹೆಸರು ಎಲ್ಲಾದ್ರೂ ಐತೇನಣ್ಣ?" ಅಂದಳು.

ಹುಡುಕಿದೆ. ಒಂದರಲ್ಲಿದೆ. ಮಾತು ಬಿಟ್ಟ ಮೇಲಿನದೇ. ಕೊಬ್ಬರಿ ರೇಟು ಹೇಳಿ, ಕೆಮ್ಮಿ, ಮೆಸೇಜು ಮುಗಿಯುವ ಹೊತ್ತಿಗೆ ಅಪ್ಪ ಕೇಳುತ್ತಾನೆ: ಅವಳು ಫೋನ್ ಮಾಡಿದ್ಲಾ, ಊರಿಗೆ ಯಾವಾಗ ಬರ್ತಾಳಂತೆ.

ಅದನ್ನು ಅವಳಿಗೆ ಕಳಿಸಿದ್ದೇನೆ. ಕೆಮ್ಮು ತೆಗೆದಿಲ್ಲ. ಮದುವೆಯಲ್ಲಿ ಹಾಕೋದು ಬಿಡೋದು ಅವಳಿಗೆ ಬಿಟ್ಟಿದ್ದು. ಅವ್ವ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.