ಕಾಲ ಕೂಡಿ ಬರುವವರೆಗೆ

‘ಕಾಲ ಕೂಡಿ ಬರಬೇಕು’ ಎಂಬ ಮಾತು ನಮ್ಮ ಸೀಮೆಯಲ್ಲಿ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಮಗಳ ಮದುವೆಗೆ, ಕೊಳವೆಬಾವಿಯ ನೀರಿಗೆ, ಕೋರ್ಟಿನ ತೀರ್ಪಿಗೆ ಮಾಗಡಿಯಲ್ಲೂ ಚನ್ನಪಟ್ಟಣದಲ್ಲೂ ಎಲ್ಲರೂ ಹೇಳುವ ಮಾತು ಅದೇ. ಕ್ರೈಸ್ತರು ಅದಕ್ಕೆ ಒಬ್ಬ ಒಡೆಯನನ್ನು ಸೇರಿಸುತ್ತಾರೆ: ಕಾಲ ತಾನಾಗಿ ಕೂಡುವುದಿಲ್ಲ, ದೇವರು ಕೂಡಿಸುತ್ತಾನೆ. ಹಾಗೆಂದ ಕೂಡಲೇ ಪ್ರಶ್ನೆ ಬಿಗಿಯಾಗುತ್ತದೆ. ಹಣೆಬರಹದ ಜೊತೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಒಡೆಯನಿದ್ದಾನೆ ಎಂದಾದರೆ ‘ಯಾಕೆ ತಡ ಮಾಡಿದೆ?’ ಎಂದು ಕೇಳದೆ ವಿಧಿಯಿಲ್ಲ.

ಸಂದೇಹವಾದಿಯ ಆಕ್ಷೇಪ ನೇರವಾಗಿದೆ. ಬೇಡಿದ್ದು ಸಿಕ್ಕರೆ ದೇವರ ಸಮಯ ಬಂತು ಅನ್ನುತ್ತೀರಿ. ಸಿಗದಿದ್ದರೆ ಇನ್ನೂ ಬಂದಿಲ್ಲ ಅನ್ನುತ್ತೀರಿ. ಏನೇ ನಡೆದರೂ ಸುಳ್ಳಾಗದ ಮಾತಿಗೆ ಅರ್ಥವೇನು? ಘಟನೆಗಳಿಗೆ ಕೊಡುವ ವಿವರಣೆ ಎಂದು ತೆಗೆದುಕೊಂಡರೆ ಈ ಮಾತು ಪೊಳ್ಳು ಎಂಬುದನ್ನು ಒಪ್ಪಬೇಕು. ಆದರೆ ಬದುಕುವ ರೀತಿ ಎಂದು ತೆಗೆದುಕೊಂಡರೆ ಅದನ್ನು ತೂಗಿ ನೋಡಲು ಬರುತ್ತದೆ. ಅದನ್ನು ನಂಬಿದವರು ಕಾಯುವ ಹೊತ್ತಿನಲ್ಲಿ ಏನು ಮಾಡುತ್ತಾರೆ? ತೂಕದ ಕಲ್ಲು ಅದು.

ಕನಕಪುರ ತಾಲ್ಲೂಕಿನ ಹಾರೋಬೆಲೆ ಹಳೆಯ ಕಥೋಲಿಕರ ಊರು. ಯೇಸುಸ್ವಾಮಿಯ ಪಾಡುಮರಣದ ನಾಟಕವನ್ನು ಊರವರೇ ಬಣ್ಣ ಹಚ್ಚಿ ಆಡುವ ಪದ್ಧತಿಗೆ ಅಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ನೋಡಲು ಕೂತವರಿಗೆ ಕೊನೆ ಗೊತ್ತು: ಶುಕ್ರವಾರ ಶಿಲುಬೆ, ಭಾನುವಾರ ಪುನರುತ್ಥಾನ. ಆದರೆ ಕಥೆಯೊಳಗಿನ ಪೇತ್ರನಿಗೆ, ಮರಿಯಳಿಗೆ ಶುಕ್ರವಾರವಷ್ಟೇ ಗೊತ್ತಿತ್ತು. ದೇವರ ಸಮಯದ ಬಗ್ಗೆ ನಾವು ಧೈರ್ಯವಾಗಿ ಆಡುವ ಮಾತುಗಳೆಲ್ಲ ಪ್ರೇಕ್ಷಕರ ಮಾತು. ಸಂಕಟದಲ್ಲಿರುವವರು ನಾಟಕದ ಒಳಗಿದ್ದಾರೆ. ಈ ಊರೂ ಒಮ್ಮೆ ಹಾಗೆ ನಾಟಕದ ಒಳಗಿತ್ತು. ಇಲ್ಲಿನ ಕಪಾಲಬೆಟ್ಟದಲ್ಲಿ 2019ರ ಡಿಸೆಂಬರಿನಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಬಿತ್ತು; ಮರುತಿಂಗಳು ಅದನ್ನು ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಮಾರ್ಚಿಗೆ ಲಾಕ್‌ಡೌನ್ ಬಂತು. ಏಪ್ರಿಲ್ 10ರ ಶುಭ ಶುಕ್ರವಾರಕ್ಕೂ 12ರ ಪಾಸ್ಕ ಹಬ್ಬಕ್ಕೂ ದೇಶದ ಚರ್ಚುಗಳ ಬಾಗಿಲು ಮುಚ್ಚಿತ್ತು. ಆ ತಿಂಗಳುಗಳಲ್ಲಿ ಇಲ್ಲಿನ ಭಕ್ತರಿಗೆ ಮುಂದಿನ ಅಂಕ ಯಾವುದೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಹೇಳಬಲ್ಲೆ ಎಂದು ಬರುವವರ ಬಗ್ಗೆ ಬೈಬಲ್ಲೇ ಎಚ್ಚರಿಸುತ್ತದೆ. ಯೆಹೂದದ ಜನ ಬಾಬಿಲೋನಿಗೆ ಸೆರೆಹೋದಾಗ ಹನನ್ಯನೆಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ. ಕೇಳಲು ಹಿತವಾಗಿತ್ತು, ಸುಳ್ಳಾಗಿತ್ತು. ಪ್ರವಾದಿ ಯೆರೆಮೀಯ ಸೆರೆಯವರಿಗೆ ಪತ್ರ ಬರೆದು ಎಪ್ಪತ್ತು ವರ್ಷ ಎಂದ. ಅದನ್ನು ಓದಿದ ಹಿರಿಯರಲ್ಲಿ ಬಹುಪಾಲು ಜನ ಊರಿಗೆ ಮರಳುವ ದಿನವನ್ನು ನೋಡುವಂತಿರಲಿಲ್ಲ. ಅವರಿಗೆ ಅವನು ಹೇಳಿದ್ದು: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಹಿತವನ್ನು ಬಯಸಿ. ವಾಗ್ದಾನದ ದಿನಕ್ಕೂ ಇಂದಿನ ದಿನಕ್ಕೂ ನಡುವೆ ಒಂದು ಇಡೀ ಬಾಳು ಬೀಳಬಹುದು. ಆ ಬಾಳನ್ನು ಬಾಳಬೇಕು ಎಂಬುದೇ ಆ ಪತ್ರದ ತಿರುಳು.

ಹನನ್ಯ ಭರವಸೆಯ ಕಡೆಗೆ ಲೆಕ್ಕ ತಪ್ಪಿದ. ನಿರಾಸೆಯ ಕಡೆಗೂ ಲೆಕ್ಕ ಹಾಕುವವರಿದ್ದಾರೆ. 1773ರಲ್ಲಿ ಪೋಪರು ಯೇಸುಸಭೆಯನ್ನೇ (ಜೆಸ್ವಿಟ್ ಸಂಘವನ್ನೇ) ವಿಸರ್ಜಿಸಿದಾಗ ಆ ಸಭೆಯವರು ಕಟ್ಟಿದ್ದ ಮೈಸೂರು ಮಿಷನ್ ದಿಕ್ಕು ತಪ್ಪಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿದ್ದ ಭಕ್ತರನ್ನು ಕೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಜನ ಅವರನ್ನು ‘ದೊಡ್ಡಸ್ವಾಮಿಯೋರು’ ಎನ್ನುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ದೇಶದಲ್ಲಿದ್ದು 1823ರಲ್ಲಿ ಹಿಂದಿರುಗಿದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ, ಇಲ್ಲಿ ಕ್ರೈಸ್ತಧರ್ಮ ಹರಡುವ ಕಾಲ ಮುಗಿಯಿತು ಎಂಬ ನಿರಾಸೆ ತುಂಬಿದೆ. ಆ ಭವಿಷ್ಯ ಎಷ್ಟು ನಿಜವಾಯಿತು ಎಂಬ ವಾದ ಇಲ್ಲಿ ಬೇಡ. ಅದೇ ಮನುಷ್ಯ ಸಿಡುಬಿನ ಲಸಿಕೆ ಈ ನಾಡಿಗೆ ಹೊಸದಾಗಿದ್ದಾಗ, 1803–04ರ ಸುಮಾರಿಗೆ, 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ್ದರು. ತಮ್ಮ ಮಿಷನ್ನಿನ ಕಾಲ ಕೂಡಲಿ ಎಂದು ಲಸಿಕೆಯನ್ನು ತಡೆದಿಡಲಿಲ್ಲ.

ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ತರುವ ರೈತನಿಗೆ, ಕಾಯುತ್ತಲೇ ಆಗಬೇಕಾದ್ದನ್ನು ಮಾಡುವ ಈ ವಿವೇಕ ಹೊಸದಲ್ಲ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ, ಪೊರೆ ಬಿಡುವ ಹೊತ್ತು ಅದು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ, ತಟ್ಟೆ ಒಣಗಿರುವಂತೆ, ಗಾಳಿಯಾಡುವಂತೆ ನೋಡಿಕೊಂಡು ಸುಮ್ಮನಿರಬೇಕು. ಕೊನೆಯ ಜ್ವರ ಎದ್ದ ಮೇಲಾದರೋ ಹಗಲಿರುಳೆನ್ನದೆ ಸೊಪ್ಪು ಒದಗಿಸಬೇಕು. ಹುಳು ಹಣ್ಣಾದ ದಿನವೇ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಬಿಡಿಸಿದ ಗೂಡನ್ನು ಒಳ್ಳೆ ದರ ಬರಲಿ ಎಂದು ವಾರಗಟ್ಟಲೆ ಮನೆಯಲ್ಲಿಟ್ಟರೆ ಚಿಟ್ಟೆ ಕೊರೆದುಕೊಂಡು ಹೊರಬರುತ್ತದೆ, ನೂಲು ಹಾಳು. ತಾಳ್ಮೆಯೂ ತಪ್ಪಾಗುವ ಗಳಿಗೆ ಉಂಟು. ಸಾಲದ ಬಡ್ಡಿ ಏರುತ್ತಿರುವಾಗ, ಗಂಡನ ಹೊಡೆತ ತಿನ್ನುತ್ತಿರುವಾಗ, ಎದೆನೋವು ಬಂದಾಗ ‘ದೇವರ ಸಮಯಕ್ಕೆ ಕಾಯಿ’ ಎನ್ನುವುದು ನಂಬಿಕೆಯ ಹೆಸರಿನಲ್ಲಿ ಮಾಡುವ ಅನ್ಯಾಯ. ಅಲ್ಲಿ ಕಾಲ ಆಗಲೇ ಕೂಡಿ ಬಂದಿದೆ, ಏಳಬೇಕಾದವರು ನಾವು.

ಇನ್ನು ಈ ಮಾತನ್ನು ಯಾರು ಯಾರಿಗೆ ಹೇಳಬಹುದು? ಯೊವಾನ್ನನ ಶುಭಸಂದೇಶದಲ್ಲಿ, ಗೆಳೆಯ ಲಾಜರನಿಗೆ ಕಾಯಿಲೆ ಎಂದು ತಿಳಿದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದರು. ಬರುವಷ್ಟರಲ್ಲಿ ಸತ್ತವನು ಸಮಾಧಿ ಸೇರಿ ನಾಲ್ಕು ದಿನವಾಗಿತ್ತು. ನೀವು ಇಲ್ಲಿದ್ದಿದ್ದರೆ ನನ್ನ ಸೋದರ ಸಾಯುತ್ತಿರಲಿಲ್ಲ ಎಂದು ಲಾಜರನ ಸೋದರಿ ಮಾರ್ಥಳು ಮುಖಕ್ಕೇ ಹೇಳಿದಳು. ಯೇಸು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸತ್ತವನು ಎದ್ದು ಬರಲಿದ್ದಾನೆ ಎಂದು ಬಲ್ಲ ಒಬ್ಬನೇ ಒಬ್ಬನು ಅಲ್ಲಿ ನಿಂತು ಅತ್ತ. ಕೊನೆ ಗೊತ್ತಿದ್ದವನೇ ಅತ್ತನೆಂದ ಮೇಲೆ, ಏನೂ ಗೊತ್ತಿಲ್ಲದ ನಾವು ಸಾವಿನ ಮನೆಯಲ್ಲಿ ಕೂತು ಸಮಾಧಾನದ ಸೂತ್ರ ಒಪ್ಪಿಸುವುದು ಯಾವ ನ್ಯಾಯ? ‘ಎಲ್ಲವೂ ದೇವರ ಸಮಯಕ್ಕೆ’ ಎಂದು ನೊಂದವಳು ತಾನೇ ಅಂದುಕೊಂಡರೆ ಅದು ಪ್ರಾರ್ಥನೆ. ಅದೇ ಮಾತನ್ನು ನೋಯದವನು ಅವಳಿಗೆ ಹೇಳಿದರೆ ತೀರ್ಪು.

ಹೀಗಾಗಿ ಈ ನಂಬಿಕೆಗೆ ಎರಡು ಪರೀಕ್ಷೆ ಸಾಕು. ಇಂದು ಆಗಬೇಕಾದ ಕೆಲಸವನ್ನು ಅದು ನಮ್ಮಿಂದ ಮಾಡಿಸುತ್ತಿದೆಯೇ, ಮುಂದೂಡಿಸುತ್ತಿದೆಯೇ? ಪಕ್ಕದವರ ಅಳಲಿಗೆ ಕಿವಿ ತೆರೆಸುತ್ತಿದೆಯೇ, ಬಾಯಿ ಮುಚ್ಚಿಸುತ್ತಿದೆಯೇ? ಕಾಲವನ್ನೂ ಸಮಯವನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಅವರನ್ನು ಕೂರಿಸುವುದಕ್ಕಲ್ಲ, ಕಳಿಸುವುದಕ್ಕೆ. ದೇವರ ಪಂಚಾಂಗವನ್ನು ಓದುವ ಹಟ ಬಿಟ್ಟವನಿಗೆ ಕೈಯೂ ಬಿಡುವಾಗುತ್ತದೆ, ಕಿವಿಯೂ ಬಿಡುವಾಗುತ್ತದೆ. ಸಂದೇಹವಾದಿಗೆ ವಿಶ್ವಾಸಿ ತೋರಿಸಬಹುದಾದ ಪುರಾವೆ ಅಷ್ಟೇ. ಆದರೆ ಅದು ಪೊಳ್ಳಲ್ಲ.