ತಲೆಯೆಣಿಕೆ

ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯ ಸಾತನೂರು ಹಳ್ಳಿಯೋ, ಪಟ್ಟಣವೋ? ಪುರಸಭೆಯಂಥ ಸ್ಥಳೀಯಾಡಳಿತವಿಲ್ಲದ ಊರು ಪಟ್ಟಣವೆನಿಸಲು ೨೦೧೧ರ ಜನಗಣತಿ ಮೂರು ನಿಯಮಗಳನ್ನಿಟ್ಟಿತ್ತು: ಕನಿಷ್ಠ ೫,೦೦೦ ಜನ, ಚದರ ಕಿಲೋಮೀಟರಿಗೆ ೪೦೦ ಮಂದಿ, ದುಡಿಯುವ ಗಂಡಸರಲ್ಲಿ ನೂರಕ್ಕೆ ೭೫ ಜನ ಬೇಸಾಯೇತರ ಕಸುಬಿನವರು.

ಗಂಡಸರು ಮಾತ್ರ! ಈ ರೇಷ್ಮೆಯ ಸೀಮೆಯಲ್ಲಿ ನಸುಕಿಗೇ ಎದ್ದು ಹುಳುವಿಗೆ ಸೊಪ್ಪು ಹಾಕುವ ಹೆಂಗಸು ತಲೆಯೆಣಿಕೆಗೆ ಸೇರುತ್ತಾಳೆ. ಊರು ಎಂಥದೆಂದು ತೀರ್ಮಾನಿಸುವ ದುಡಿಮೆಯ ಲೆಕ್ಕಕ್ಕೆ ಸೇರಳು.

ಎಣಿಕೆ ಬೇಡವೆಂದಲ್ಲ. ಅದಿಲ್ಲದೆ ಶಾಲೆ, ನೀರು, ರಸ್ತೆಗಳನ್ನು ನ್ಯಾಯವಾಗಿ ಹಂಚುವುದೆಂತು? ಅದರ ಬಲವೂ ದೊಡ್ಡದು: ಜನಸಂಖ್ಯೆಯನ್ನು ಆಧರಿಸಿದ ೨೦೦೮ರ ಪುನರ್ವಿಂಗಡಣೆಯಲ್ಲಿ ಸಾತನೂರೆಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಅಷ್ಟು ಬಲವುಳ್ಳ ಲೆಕ್ಕ ಅರ್ಧ ಊರಿನ ದುಡಿಮೆಯನ್ನು ಬದಿಗಿಡುವುದು ಧರ್ಮವೇ? ತಲೆಗಳನ್ನು ಎಣಿಸಿದರೆ ಸಾಲದು. ದುಡಿಯುವ ಕೈಗಳನ್ನೂ ಎಣಿಸಬೇಕು.