ಬೋಳು ಮರದ ಎದುರು

ಚಳಿಗಾಲದ ಮರದಲ್ಲಿ ನೋಡಲು ಏನಿರುತ್ತದೆ? ಎಲೆಯಿಲ್ಲ, ಹೂವಿಲ್ಲ. ಲೊರೇನ್ ಸೀಮೆಯ ನಿಕೊಲಾ ಎರ್ಮಾನ್ 18ರ ವಯಸ್ಸಿನಲ್ಲಿ ಅಂಥದೊಂದು ಮರವನ್ನು ಕಂಡ. ಇನ್ನು ಕೆಲವು ದಿನಗಳಿಗೆ ಇದೇ ಕೊಂಬೆ ಚಿಗುರುತ್ತದೆ, ಆಮೇಲೆ ಹೂ, ಆಮೇಲೆ ಹಣ್ಣು ಎಂದುಕೊಂಡ. ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಆ ಗಳಿಗೆಯಲ್ಲಿ ಅವನಿಗೆ ದೇವರ ಶಕ್ತಿ, ದೇವರ ಅಕ್ಕರೆ ಎರಡೂ ಒಟ್ಟಿಗೇ ಕಂಡವು. ಅಲ್ಲಿ ಗಂಟೆ ಬಾರಿಸಿರಲಿಲ್ಲ, ಮೇಣದಬತ್ತಿ ಉರಿದಿರಲಿಲ್ಲ, ಪ್ರಸಂಗ ಮಾಡಲು ಗುರುಗಳೂ ಇರಲಿಲ್ಲ. ಆ ದಿನದ ಬೆರಗು ತನ್ನೊಳಗಿಂದ ಎಂದೂ ಅಳಿಯಲಿಲ್ಲವೆಂದು ಅವನು ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ.

ಸೈನಿಕನಾದ, ಕಾಲಿಗೆ ಪೆಟ್ಟು ಬಿತ್ತು. ಕೆಲಕಾಲ ದೊಡ್ಡವರ ಮನೆಯಲ್ಲಿ ಆಳಾಗಿದ್ದ. ಕೈಗೆ ಸಿಕ್ಕಿದ್ದೆಲ್ಲ ಒಡೆದುಹಾಕುವ ಒಡ್ಡ ನಾನು ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡವನು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠ ಸೇರಿ ಸಹೋದರ ಲಾರೆನ್ಸ್ ಆದ. ಓದಿದವನಲ್ಲ, ಗುರುಪಟ್ಟ ಸಿಗಲಿಲ್ಲ, ಸಿಕ್ಕಿದ್ದು ಅಡುಗೆಮನೆ. ಆ ಕೆಲಸವೆಂದರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೂ 15 ವರ್ಷ ಅಲ್ಲೇ ದುಡಿದ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದೂ ದೇವರ ಪ್ರೀತಿಗಾಗಿ, ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತುವುದೂ ಅದೇ ಪ್ರೀತಿಗಾಗಿ. ಮಠಕ್ಕೆ ದ್ರಾಕ್ಷಾರಸ ತರಲು ಬರ್ಗಂಡಿಗೆ ಕಳುಹಿಸಿದಾಗ, ಕುಂಟುಗಾಲಿನಿಂದ ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೀಚೆ ಹೋದ. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿಬಿಟ್ಟಿದ್ದನಂತೆ. ಮುಂದೆ ಮಠದವರ ಚಪ್ಪಲಿ ಹೊಲಿಯುವ ಕೆಲಸಕ್ಕೂ ಕೂತ.

ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಇನ್ನೊಂದು ಮಾತು. ಪ್ರಾರ್ಥನೆಯ ಹೊತ್ತಿಗೂ ಉಳಿದ ಹೊತ್ತಿಗೂ ತನಗೆ ವ್ಯತ್ಯಾಸವೇ ಇಲ್ಲ ಎಂದ. ಹಾಗೆಂದು ಮಠದ ನಿಯಮ ಮುರಿಯಲಿಲ್ಲ. ಕರೆದಾಗ ಹೋಗಿ ಮೊಣಕಾಲೂರಿದ. ಒಲೆಯ ಮುಂದೆ ಇದ್ದ ಮನಸ್ಸನ್ನೇ ಅಲ್ಲಿಗೂ ಒಯ್ದ, ಅಷ್ಟೆ.

ವಿಭೂತಿ ಬುಧವಾರದ ಬೂದಿ, ಶಿಲುಬೆಹಾದಿ, ಬೆರಳಿಗೆ ಸವೆದ ಜಪಸರದ ಮಣಿಗಳು ನನಗೂ ಪ್ರಿಯವೇ. ಆದರೆ ಉಪವಾಸದ ಶುಕ್ರವಾರ ಮಾಂಸ ಮುಟ್ಟದವರು, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಬೆಳಗಿನಿಂದ ಒಲೆಯ ಮುಂದೆ ನಿಂತವಳ ಮೇಲೆ ರೇಗುವುದನ್ನು ಕಂಡಾಗ ಸಂಕಟವಾಗುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಪಾಲು ಲೆಕ್ಕ ಹಾಕಿ ಒಪ್ಪಿಸಿ, ನ್ಯಾಯವನ್ನೂ ಕರುಣೆಯನ್ನೂ ಕೈಬಿಟ್ಟವರನ್ನು ಯೇಸು ಗದರಿದ್ದು ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿದೆ. ಜೀರಿಗೆಯ ಪಾಲು ಕೊಡಬೇಡಿ ಎಂದು ಅವರು ಹೇಳಲಿಲ್ಲ. ಅದನ್ನೂ ಬಿಡಬಾರದು, ಇದನ್ನೂ ಮಾಡಬೇಕಿತ್ತು ಎಂದರು. ಆಚರಣೆಯನ್ನು ಹಳಿದು ಬೀಗುವವರೂ ಈ ಮಾತನ್ನು ಪೂರ್ತಿ ಓದಬೇಕು.

ಲಾರೆನ್ಸ್ 1691ರಲ್ಲಿ ತೀರಿಕೊಂಡ. ತನ್ನ ಪತ್ರವನ್ನು ಯಾರಿಗೂ ತೋರಿಸಬೇಡಿ ಎಂದು ಬೇಡಿಕೊಂಡಿದ್ದವನ ಕಾಗದಗಳನ್ನೂ ಮಾತುಗಳನ್ನೂ ಜೋಸೆಫ್ ದ ಬೊಫೊರ್ ಎಂಬ ಗುರುಗಳು ಕೂಡಿಸಿ ಅಚ್ಚು ಹಾಕಿಸಿದರು. ಒಂದೇ ಸಲ ಕೂತು ಓದಿ ಮುಗಿಸಬಹುದಾದ ಸಣ್ಣ ಪುಸ್ತಕ. ಈ ಬಾರಿಯ ತಪಸ್ಸುಕಾಲದಲ್ಲಿ ಮಾಂಸ ಬಿಡುವವರು ಬಿಡಿ. ಜತೆಗೆ ಈ ಪುಸ್ತಕವನ್ನೂ ಓದಿ, ಒಂದು ಹೊತ್ತು ಮನೆಯವರಿಗೆ ನೀವೇ ಅಡುಗೆ ಮಾಡಿ ಬಡಿಸಿ.